ಮೂರನೆಯ ಟ್ಯೂಬು

ಭಾನುವಾರ, ಮಧ್ಯಾಹ್ನ

ಮಿಡತೆಯ ಅಪ್ಪನಿಗೆ,

ಪತ್ರ ಅಂಚೆಯಲ್ಲಿ ಬಂತೆಂದು ಗಾಬರಿಯಾಗಬೇಡಿ. ನಮ್ಮ ಮಿಡತೆ ಚೆನ್ನಾಗಿದ್ದಾಳೆ, ಮಗಳಿಗೇನೂ ಆಗಿಲ್ಲ. ಫೋನಿನಲ್ಲಿ ನಾವಿಬ್ಬರೂ ಮಾತಿಗೆ ಕೂತರೆ ಕುಶಲ ವಿಚಾರಿಸಿ ಮುಗಿಯುವ ಮೊದಲೇ ಜಗಳ ಎಂದು, ಬೇರೆಯಾದ ಮೇಲೆ ಹೇಳುವುದನ್ನೆಲ್ಲ ಬರೆದು ಅವಳ ಬ್ಯಾಗಿನಲ್ಲಿಟ್ಟು ಕಳಿಸುವ ರೂಢಿ ಮಾಡಿಕೊಂಡೆವಲ್ಲ. ಇದನ್ನು ಮಾತ್ರ ಅವಳ ಕೈಗೆ ಕೊಡುವ ಹಾಗಿಲ್ಲ. ಯಾಕೆಂದು ಹೇಳುತ್ತೇನೆ. ಮೊದಲು ಕ್ಯಾಂಪಿನ ವಿಷಯ.

ರಜೆಗೆ ಜಾಗ ಹುಡುಕುವ ಸರದಿ ಈ ಸಲ ನನ್ನದು, ಕರೆದುಕೊಂಡು ಹೋಗುವ ಸರದಿ ಎಂದಿನಂತೆ ನಿಮ್ಮದು. ಟೆಂಟು ಹಾಕಲು ಒಳ್ಳೆಯ ಜಾಗ, ಹತ್ತಿರದಲ್ಲೇ ಗುಡ್ಡದ ಸೈಕಲ್ ದಾರಿ, ಇಷ್ಟೇ ಸಾಕು ಎಂದು ಬರೆದಿದ್ದಿರಿ. ನಿಮಗೇನು, ಲಿಫ್ಟಿನ ಬಾವಿಯೊಳಗೆ ಹಗ್ಗಕ್ಕೆ ಜೋತುಬಿದ್ದು ರಿಪೇರಿ ಮಾಡುವವರು, ಎಲ್ಲವೂ 'ಇಷ್ಟೇ'. ನಾನು ಮಾತ್ರ ಊಟದ ಬಿಡುವಿನಲ್ಲಿ ಎಕ್ಸ್-ರೇ ಕೋಣೆಯ ಬಾಗಿಲು ಮುಚ್ಚಿಕೊಂಡು ಫೋನು ಮಾಡಿದ್ದೇ ಮಾಡಿದ್ದು. ನಿಮ್ಮಲ್ಲಿ ಹೋದ ವರ್ಷ ಯಾರ್ಯಾರು ಬಿದ್ದರು, ಬಿದ್ದವರಿಗೆ ಏನು ಮುರಿಯಿತು, ಆಂಬುಲೆನ್ಸು ಎಲ್ಲಿಯವರೆಗೆ ಬರುತ್ತದೆ, ಇವೇ ನನ್ನ ಪ್ರಶ್ನೆಗಳು. ಒಬ್ಬಾಕೆ ನನ್ನನ್ನು ವಿಮೆ ಕಂಪನಿಯವಳು ಎಂದುಕೊಂಡು ದಡಬಡ ಮ್ಯಾನೇಜರಿಗೆ ಫೋನು ಕೊಟ್ಟಳು.

ಕೆರೆ ದಂಡೆಯ ಕ್ಯಾಂಪು ನೋಡಲು ಚೆಂದ, ಆದರೆ ದಾರಿಯುದ್ದಕ್ಕೂ ಮರದ ಬೇರುಗಳಂತೆ. ಬೀಳುವ ಸಾಧ್ಯತೆ ಎಷ್ಟು ಎಂದು ನಾನು ಪಟ್ಟು ಬಿಡದೆ ಕೇಳಿದ್ದಕ್ಕೆ ಅಲ್ಲಿನವನು ರೋಸಿಹೋಗಿ, "ಬೀಳದೇ ಇರೋ ದಾರಿ ಬೇಕಂದ್ರೆ ನಿಮ್ಮನೆ ಹಾಲ್ ಇದೆಯಲ್ಲ ಮೇಡಂ, ಅಲ್ಲೇ ಓಡಿಸ್ಲಿ" ಎಂದ. ನನಗೆ ನಗು ಬರಲಿಲ್ಲ. ನಮ್ಮ ಹಾಲಿನಲ್ಲಿ ಕಾರ್ಪೆಟ್ಟಿನ ಅಂಚಿಗೆ ಚಕ್ರ ಎಡವುತ್ತದಲ್ಲ ಎಂದು ಯೋಚಿಸುತ್ತಾ ನಿಂತೆ. ಇನ್ನೊಂದು, ಎತ್ತರದ ಮರಗಳ ನಡುವಿನದು. ಟೆಂಟಿನ ಬಾಗಿಲಿನಿಂದಲೇ ದಾರಿ ಶುರು, ನಿಮಗೆ ಹೇಳಿ ಮಾಡಿಸಿದಂತಿದೆ. ಆದರೆ ಅಲ್ಲಿ ಮೊಬೈಲು ಸತ್ತ ಹಾಗೇ. ಅದನ್ನು ಕೇಳಿದ್ದೇ ಪಟ್ಟಿಯಿಂದ ಹೊಡೆದುಹಾಕಿದೆ.

ಮೂರನೆಯದನ್ನು ಮೊನ್ನೆ ರಜೆ ಹಾಕಿ, ಬಸ್ಸು ಹತ್ತಿ, ಕಣ್ಣಾರೆ ನೋಡಿಕೊಂಡು ಬಂದೆ. ಹಳೆಯ ಕಲ್ಲುಗಣಿಯ ಪಕ್ಕದ ಬಯಲು. ನೀರಿದೆ, ಶೌಚಾಲಯ ಶುಚಿಯಾಗಿದೆ, ಸೈಕಲ್ ತೊಳೆಯಲು ಪೈಪು ಇದೆ. ದಾರಿಗಳಿಗೆ ಬಣ್ಣದ ಹಲಗೆ ಹೊಡೆದಿದ್ದಾರೆ. ಹಸಿರು ಸುಲಭದ್ದು, ನೀಲಿ ನಡುವಿನದು, ಕಪ್ಪು ನಿಮ್ಮಂಥವರದ್ದು. ಹಸಿರು ದಾರಿಯನ್ನು ನಾನು ಪೂರ್ತಿ ನಡೆದೆ. ಸಡಿಲ ಕಲ್ಲು ಸಿಕ್ಕಲ್ಲೆಲ್ಲ ಚಪ್ಪಲಿಯಿಂದ ಪಕ್ಕಕ್ಕೆ ತಳ್ಳುತ್ತಾ ಹೋದೆ. ಹಿಂದಿನಿಂದ ಬಂದ ಸೈಕಲ್ ಸವಾರರು ಗಂಟೆ ಬಾರಿಸಿ ಬಾರಿಸಿ ಸುಸ್ತಾದರು. ಇರಲಿ, ಅದನ್ನೇ ಗೊತ್ತು ಮಾಡಿದ್ದೇನೆ.

ಈಗ ಹೇಳಬೇಕಾದದ್ದು.

ಹೋದ ವರ್ಷ ಅವಳು ಬಿದ್ದದ್ದು ನಿಮ್ಮ ತಪ್ಪು ಎಂದು ಮತ್ತೆ ಶುರು ಮಾಡುತ್ತಿಲ್ಲ. ಹೆಗಲ ಮೂಳೆ ಕೂಡಿಕೊಂಡಿದೆ, ಸೈಕಲ್ ಏರಬಹುದು ಎಂದು ಡಾಕ್ಟರೂ ಹೇಳಿದ್ದಾರೆ. ಆದರೆ ಆ ದಿನ ಎಕ್ಸ್-ರೇ ಡ್ಯೂಟಿಯಲ್ಲಿದ್ದವಳು ನಾನು. ಬೇರೆಯವರ ಮಕ್ಕಳಿಗೆ ಹೇಳುವ ಹಾಗೇ "ಉಸಿರು ಹಿಡ್ಕೋ ಪುಟ್ಟಾ" ಎಂದೆ, ಆಮೇಲೆ "ಬಿಡು" ಎನ್ನುವುದನ್ನೇ ಮರೆತೆ. ಅವಳು ಮುಖ ಕೆಂಪಾಗುವವರೆಗೂ ಹಿಡಿದುಕೊಂಡಿದ್ದಳು. ಆ ಚಿತ್ರ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಸೈಕಲ್ ಪಂಚರ್ ಎಂದು ಅವಳು ಹೇಳಿದಳು, ನೀವು ಹೊಸ ಟ್ಯೂಬು ಕಳಿಸಿದಿರಿ. ಮತ್ತೆ ಪಂಚರ್ ಎಂದಳು, ಮತ್ತೊಂದು ಕಳಿಸಿದಿರಿ. ಈಗ ಅದೂ ಹೋಯಿತೆಂದು ತಿಳಿದು, 'ಸೈಕಲ್ ಅಂಗಡಿಯವನ ಜೊತೆ ಕೂಗಾಡಿ ಬಂದೆ, ಮೂರನೆಯದನ್ನು ನಾನೇ ತರುತ್ತೇನೆ' ಎಂದು ಬರೆದಿದ್ದೀರಿ. ಪಾಪ, ಅವನದೇನೂ ತಪ್ಪಿಲ್ಲ. ಟ್ಯೂಬಿನಲ್ಲಿ ತೂತೇ ಇಲ್ಲ.

ಎರಡನೆಯ ಸಲ ಅಡುಗೆಮನೆ ಕಿಟಕಿಯಿಂದ ನಾನೇ ನೋಡಿದೆ. ಹೆಲ್ಮೆಟ್ ಹಾಕಿಕೊಂಡು ಹೊರಗೆ ಹೋದಳು. ಹ್ಯಾಂಡಲ್ ಹಿಡಿದು ನಿಂತಳು. ಒಂದು ಕಾಲು ಪೆಡಲಿನ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಆಮೇಲೆ ಅತ್ತಿತ್ತ ನೋಡಿ, ಬಗ್ಗಿ, ವಾಲ್ವಿನ ತುದಿ ಒತ್ತಿ ಗಾಳಿಯನ್ನೆಲ್ಲ ಬಿಟ್ಟುಬಿಟ್ಟಳು. ಒಳಗೆ ಬಂದು "ಅಮ್ಮಾ, ಮತ್ತೆ ಪಂಚರ್" ಎಂದಳು. ನಾನೂ "ಅಯ್ಯೋ ಹೌದಾ" ಎಂದೆ. ನೀವು ಕಳಿಸಿದ ಟ್ಯೂಬನ್ನು, ನೀವೇ ಕಲಿಸಿದ ಹಾಗೆ, ಅಚ್ಚುಕಟ್ಟಾಗಿ ಬದಲಾಯಿಸುತ್ತಾಳೆ ಬೇರೆ. ನಾಟಕ ಆಡಿದರೂ ಕೆಲಸದಲ್ಲಿ ಮೋಸವಿಲ್ಲ, ಥೇಟ್ ನಿಮ್ಮ ಮಗಳೇ.

ಹೆದರಿದ್ದಾಳೆ, ಅಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಆ ಸಂಜೆ ತಟ್ಟೆ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದಳು: "ಅಮ್ಮಾ, ನಾನಿನ್ನು ಸೈಕಲ್ ಓಡಿಸಲ್ಲ ಅಂದ್ರೆ ಅಪ್ಪ ರಜಕ್ಕೆ ಬರ್ತಾರಾ? ಸೈಕಲ್ ಇಲ್ದೆ ನಾವಿಬ್ರೂ ಏನ್ ಮಾಡ್ತೀವಿ?"

"ಬರ್ತಾರೆ ಕಣೇ" ಎಂದೆ. ಆದರೆ ಹಾಗೆನ್ನುವ ಮೊದಲು ಸ್ವಲ್ಪ ತಡವಾಯಿತು. ಹದಿಮೂರು ವರ್ಷದ ಹುಡುಗಿ, ಅದನ್ನು ಗಮನಿಸದೆ ಇರುತ್ತಾಳೆಯೇ? ತಟ್ಟೆ ಕೆಳಗಿಟ್ಟು, ಅಪ್ಪನಿಗೆ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಆಣೆ ಮುರಿದು ಬರೆಯುತ್ತಿದ್ದೇನೆ. ಬರೆಯದಿದ್ದರೆ ನಿಮಗೋಸ್ಕರ ಹಲ್ಲು ಕಚ್ಚಿ ಆ ಇಳಿಜಾರಿಗೆ ಇಳಿಯುತ್ತಾಳೆ, ಬರೆದರೆ ನೀವು 'ಹಾಗಾದರೆ ಮುಂದಿನ ವರ್ಷ ನೋಡೋಣ' ಎಂದುಬಿಡುತ್ತೀರಿ. ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯುತ್ತಿಲ್ಲ.

ದಯವಿಟ್ಟು ಮುಂದಕ್ಕೆ ಹಾಕಬೇಡಿ. "ಏನೂ ಆಗಲ್ಲ, ಹತ್ತು" ಎಂದು ಹುರಿದುಂಬಿಸಲೂ ಬೇಡಿ. ಅವಳು ಹತ್ತದಿದ್ದರೆ ಹಸಿರು ದಾರಿಯಲ್ಲಿ ಜೊತೆಗೆ ನಡೆಯಿರಿ. ನೀವೊಬ್ಬರೇ ಬೆಳಿಗ್ಗೆ ಒಂದು ಸುತ್ತು ಕಪ್ಪು ದಾರಿಗೆ ಹೋಗಿ ಬನ್ನಿ, ಇಲ್ಲದಿದ್ದರೆ 'ನನ್ನಿಂದ ಅಪ್ಪನ ರಜೆ ಹಾಳಾಯಿತು' ಎಂದು ಅದಕ್ಕೂ ಕೊರಗುತ್ತಾಳೆ. ಆದರೆ ಬೇಗ ವಾಪಸ್ಸು ಬನ್ನಿ.

ಉತ್ತರವನ್ನು ಆಸ್ಪತ್ರೆಯ ವಿಳಾಸಕ್ಕೆ ಬರೆಯಿರಿ. ನಿಮ್ಮ ಉತ್ತರ ಏನಿರುತ್ತದೋ ಎಂದು ನನಗೆ ನಿಜಕ್ಕೂ ಭಯವಾಗುತ್ತಿದೆ.

ಇಂತಿ,
ಮಿಡತೆಯ ಅಮ್ಮ

ತಾ.ಕ. — ಇವತ್ತು ಮಂಗಳವಾರ. ಪತ್ರ ಇನ್ನೂ ನನ್ನ ಕೋಟಿನ ಜೇಬಿನಲ್ಲೇ ಇದೆ. ಮೇಲೆ ಬರೆದದ್ದರಲ್ಲಿ ಒಂದನ್ನು ಮುಚ್ಚಿಟ್ಟಿದ್ದೆ. ಮೊದಲೆರಡು ಸಲ ಗಾಳಿ ಬಿಟ್ಟವಳು ಅವಳು. ಮೂರನೆಯ ಸಲ ಬಿಟ್ಟವಳು ನಾನು.

ನೀವು ಕಳಿಸಿದ ಎರಡನೆಯ ಟ್ಯೂಬು ಹಾಕಿದ ದಿನ ಅವಳು ಸೈಕಲ್ ಏರಿಯೇಬಿಟ್ಟಳು. ಗೇಟಿನವರೆಗೆ ಹೋಗಿ ತಿರುಗಿಸಿಕೊಂಡು ಬಂದಳು. ನಾನು ಬಟ್ಟೆ ಒಣಹಾಕುತ್ತಿದ್ದೆ. ಖುಷಿಪಡಬೇಕಿತ್ತು, ನಾನು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾ ನಿಂತೆ. ಅವಳು ಸ್ನಾನಕ್ಕೆ ಹೋದಾಗ ಹೋಗಿ ವಾಲ್ವು ಒತ್ತಿದೆ. ಅವಳು ನಿಜವಾಗಿಯೂ ಪಂಚರ್ ಎಂದೇ ನಂಬಿ ನಿಮಗೆ ತಿಳಿಸಿದ್ದು.

ನಿನ್ನೆ ಸಂಜೆ ತಾನೇ ರಿಪೇರಿ ಮಾಡುತ್ತೇನೆಂದು ಟ್ಯೂಬಿಗೆ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಹುಡುಕುತ್ತಾ ಕೂತಳು. ತಿರುಗಿಸಿ ತಿರುಗಿಸಿ ನೋಡಿದಳು. ಒಂದೂ ಗುಳ್ಳೆ ಏಳಲಿಲ್ಲ. ತೂತಿಲ್ಲದ ಟ್ಯೂಬು ಹೇಗೆ ಇಳಿಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಲೆಯೆತ್ತಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ನಿಂಗೂ ಅಷ್ಟು ಭಯಾನಾ ಅಮ್ಮಾ?" ಎಂದಳು. ಹೂಂ ಎಂದೆ. ಟ್ಯೂಬು ಒರೆಸಿ, ಚಕ್ರಕ್ಕೆ ಹಾಕಿ, ಪಂಪನ್ನು ನನ್ನ ಕೈಗೆ ಕೊಟ್ಟಳು. ಟೈರು ಗಟ್ಟಿಯಾಗುವವರೆಗೂ ನಾನೇ ಒತ್ತಿದೆ. ನಿಮಗೆ ಬರೆದಿರುವುದನ್ನೂ ಆಗಲೇ ಹೇಳಿಬಿಟ್ಟೆ. ಅವಳಿಗೆ ಸಿಟ್ಟು ಬಂತು, ಆದರೆ ಹರಿದುಹಾಕು ಎನ್ನಲಿಲ್ಲ.

ಮೂರನೆಯ ಟ್ಯೂಬು ತರಬೇಡಿ. ಕ್ಯಾಂಪಿಗೆ ಬಂದ ಮೇಲೆ ಸೈಕಲ್ ಏರುತ್ತಾಳೋ ಇಲ್ಲವೋ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಮಲಗುವ ಮೊದಲು ಮತ್ತೆ ಅದೇ ಪ್ರಶ್ನೆ ಕೇಳಿದಳು, ಅಪ್ಪ ಬರ್ತಾರಾ ಎಂದು. ನಿಮ್ಮನ್ನು ಕೇಳದೆಯೇ, ಈ ಸಲ ಒಂದಿಷ್ಟೂ ತಡಮಾಡದೆ, ಬರುತ್ತಾರೆ ಎಂದುಬಿಟ್ಟಿದ್ದೇನೆ.