ಅಮ್ಮನ ಮುಂದಿನ ಸಾಲು

ಟೇಕಲ್
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಸಹನ ಮಾಡುವ ನಮಸ್ಕಾರ. ಸುನಂದ ಚಿಕ್ಕಮ್ಮನ ಮನೆಯಲ್ಲಿ ಚೆನ್ನಾಗಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂದು ಕೇಳಿ ಇಟ್ಟುಬಿಡುತ್ತೇವೆ. ಎದುರಿಗಂತೂ ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಚಿಕ್ಕಪ್ಪ ಮುಳಬಾಗಿಲಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಮಾಲೂರಿನ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸದ್ಯಕ್ಕೆ ದೀಪಾವಳಿಯವರೆಗೆ, ಆಮೇಲೆ ನೋಡೋಣ ಅಂದಿದ್ದಾರೆ. ಬಿ.ಎ.ಯಲ್ಲಿ ಕನ್ನಡ ಸಾಹಿತ್ಯ ಓದಿದ್ದೇನೆ ಎಂದರೆ ಇಲ್ಲಿನ ಸೂಪರ್‌ವೈಸರ್ ನಕ್ಕು, ‘ಹಂಗಾದ್ರೆ ಡಬ್ಬದ ಮೇಲಿನ ಅಕ್ಷರ ತಪ್ಪಿಲ್ದಂಗೆ ನೋಡ್ಕೊಮ್ಮ’ ಅಂದರು.

ಕೆಲಸ ಹೋದದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ವಿದೇಶದ ಆರ್ಡರ್ ನಿಂತ ಮೇಲೆ ನಮ್ಮ ಗಾರ್ಮೆಂಟ್ಸ್‌ನಲ್ಲಿ ಎರಡು ಹೊಲಿಗೆ ಲೈನ್ ಓಡುವುದು ಹೇಗೆ? ಅರ್ಧ ಜನ ಹೋಗಲೇಬೇಕಿತ್ತು. ಯಾರು ಹೋಗಬೇಕೆಂದು ಹೇಳುವ ಕೆಲಸ ಸೂಪರ್‌ವೈಸರ್ ಆದ ನಿನ್ನ ತಲೆಗೆ ಬಂತು. ಅಷ್ಟು ನನಗೆ ಅರ್ಥವಾಗುತ್ತದೆ. ನಾನು ಹೇಳಬೇಕೆಂದಿರುವುದು ಅದಕ್ಕೂ ಮುಂಚಿನ ವಾರದ ಸಂಗತಿ.

ಫ್ಯಾಕ್ಟರಿಯಲ್ಲಿ ಎಲ್ಲರೂ ನಿನ್ನನ್ನು ಅಮ್ಮ ಎನ್ನುತ್ತಿದ್ದರು. ನಾನೊಬ್ಬಳು ಮಾತ್ರ ಮೇಡಂ ಎನ್ನಬೇಕಿತ್ತು. ಮಗಳಿಗೆ ಸುಲಭದ ಕೆಲಸ ಕೊಟ್ಟೆ ಎಂದು ಯಾರೂ ಆಡಿಕೊಳ್ಳಬಾರದೆಂದು ನೀನೇ ಮಾಡಿದ ನಿಯಮ. ಆ ವಾರ ಪೂರ್ತಿ ನೀನು ಮಧ್ಯಾಹ್ನದ ಊಟ ಬಿಟ್ಟು ಕ್ಯಾಂಟೀನಿನ ಕೊನೆಯ ಬೆಂಚಿನಲ್ಲಿ ಕೂತೆ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ ಒಬ್ಬೊಬ್ಬರೇ ನಿನ್ನ ಹತ್ತಿರ ಬಂದರು. ದೊಡ್ಡಗಂಗಮ್ಮನಿಗೆ ಪಿ.ಎಫ್. ಬಿಡಿಸಿಕೊಳ್ಳುವುದು ಹೇಗೆಂದು ಹೇಳಿಕೊಟ್ಟೆ. ಇನ್ನೊಬ್ಬಳಿಗಾಗಿ ಕೋಲಾರದ ಪರಿಚಯದವರಿಗೆ ಫೋನ್ ಹಚ್ಚಿದೆ. ಮೇಘನ ಬಂದು ಕೂತರೆ ಮಾತ್ರ ನಿನ್ನ ಮಾತು ತೆಲುಗಿಗೆ ತಿರುಗುತ್ತಿತ್ತು. ಅವಳದು ನಂಗಲಿ, ನಿನ್ನ ತವರೂ ನಂಗಲಿ. ‘ಏಡವದ್ದಮ್ಮಾ’, ಅಳಬೇಡಮ್ಮ ಎನ್ನುತ್ತಾ ಅವಳ ಕಣ್ಣು ನಿನ್ನ ಸೆರಗಿನಲ್ಲೇ ಒರೆಸಿದೆ. ನನಗೆ ನೀನು ತೆಲುಗು ಕಲಿಸಲಿಲ್ಲ. ಕನ್ನಡ ಚೆನ್ನಾಗಿ ಬರಲಿ ಎಂದೆ, ಬಂತು. ನೀನು ಹುಟ್ಟಿ ಬೆಳೆದ ಮಾತಿನಲ್ಲಿ ಸಮಾಧಾನ ಮಾಡಿಸಿಕೊಂಡವಳು ಮಾತ್ರ ಅವಳು.

ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಗೊತ್ತು. ಗೊತ್ತಿದ್ದರೂ ಹೊಟ್ಟೆ ಉರಿಯುತ್ತದೆ. ಎರಡು ಕೆಲಸ ಬಲ್ಲವರನ್ನು ಉಳಿಸಿಕೊಳ್ಳುತ್ತಾರೆಂದು ಅವಳಿಗೆ ಕಾಲರ್ ಕೂರಿಸುವುದನ್ನೂ ಕಲಿಸಿದೆ. ನಾನು ಡಬ್ಬಿ ತೊಳೆಯುವ ನೆಪದಲ್ಲಿ ನೋಡುತ್ತಿದ್ದೆ. ಅವಳ ಹೊಲಿಗೆ ಸೊಟ್ಟಗಾದರೆ ನೀನು ನಕ್ಕು, ನೀನೇ ಬಿಚ್ಚಿಕೊಡುತ್ತಿದ್ದೆ. ನನ್ನದು ಸೊಟ್ಟಗಾದರೆ ‘ಬಿಚ್ಚು’ ಅಂತ ಒಂದೇ ಮಾತು.

ಗುರುವಾರ ನಿನ್ನ ಬೆಂಚಿನ ಮುಂದಿನ ಸಾಲಿನಲ್ಲಿ ನಾನೂ ನಿಂತೆ. ದೊಡ್ಡಗಂಗಮ್ಮ ಕಂಡು, ‘ಲೇ, ನಿಂಗ್ಯಾಕೇ ಈ ಸಾಲು? ಅಮ್ಮನ್ನೇ ಮನೇಲಿ ಇಟ್ಕೊಂಡಿದೀಯ’ ಎಂದು ಎಲ್ಲರನ್ನೂ ನಗಿಸಿದಳು. ನಾಚಿಕೆಯಾಯಿತು, ಆದರೂ ನಿಂತೆ. ನನ್ನ ಸರದಿ ಬಂದಾಗ ನೀನು ತಲೆಯೆತ್ತಿ, ‘ನೀನ್ಯಾಕೆ ಬಂದೆ? ಮನೇಲಿ ಮಾತಾಡೋಣ ಹೋಗು’ ಅಂದೆ. ನನ್ನ ಹಿಂದಿದ್ದವಳು ಮುಂದೆ ಬಂದು ಕೂತಳು.

ಮನೆಯಲ್ಲಿ ನೀನು ಮುದ್ದೆ ಮಾಡಿಟ್ಟು, ಸರಿಯಾಗಿ ಉಣ್ಣದೆ, ‘ನಾಳೆ ಹೇಳ್ತೀನಿ ಕಣೇ, ತಲೆ ಸಿಡೀತೈತೆ’ ಎಂದು ಗೋಡೆ ಕಡೆ ತಿರುಗಿ ಮಲಗಿದೆ. ಮಾರನೆಯ ದಿನ ಹೋಗುವವರ ಹೆಸರು ಕೂಗಿದೆ. ಮೊದಲ ಹೆಸರೇ ನನ್ನದು.

ಮೇಘನಳ ಹೆಸರು ಬರಲಿಲ್ಲ. ದೊಡ್ಡಗಂಗಮ್ಮನ ಹೆಸರೂ ಬಂತು. ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು, ‘ಹೆತ್ತ ಮಗಳನ್ನೇ ಕಳಿಸ್ತಾವ್ರೆ, ಇನ್ನ ನಾವೇನು ಅನ್ನೋಣ’ ಎಂದು ಚೀಲ ಎತ್ತಿಕೊಂಡಳು. ಆ ಚೀಲವನ್ನು ನೀನು ಅವಳ ಕೈಯಿಂದ ತೆಗೆದುಕೊಂಡೆ. ಒಬ್ಬೊಬ್ಬರನ್ನೂ ಗೇಟಿನವರೆಗೆ ಬಿಟ್ಟುಬಂದೆ. ನಾನು ಎದುರಿನ ಬಸ್ ಸ್ಟಾಪಿನಲ್ಲಿ ನಿಂತು ನೋಡುತ್ತಿದ್ದೆ. ನನ್ನನ್ನು ಬಿಡಲು ನೀನು ಬಂದಿರಲಿಲ್ಲ. ಹೇಗೂ ಸಂಜೆ ಮನೆಯಲ್ಲಿ ಸಿಗುವವಳಲ್ಲವೇ.

ನೀನು ಮಾಡಿದ್ದು ನ್ಯಾಯವೆಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ನಿನ್ನ ಮಗಳಾಗಿರದಿದ್ದರೆ ಆ ಬೆಂಚಿನಲ್ಲಿ ನನಗೂ ಸ್ವಲ್ಪ ಹೊತ್ತು ಸಿಗುತ್ತಿತ್ತು. ನಾನು ಏನೂ ಕೇಳುತ್ತಿರಲಿಲ್ಲವೋ ಏನೋ. ಸುಮ್ಮನೆ ಕೂತು ಎದ್ದು ಬರುತ್ತಿದ್ದೆ. ಮರುದಿನವೇ ಚಿಕ್ಕಮ್ಮನ ಮನೆಗೆ ಹೊರಟದ್ದು ಕೆಲಸ ಹುಡುಕಲು ಎಂದು ನಿನಗೆ ಹೇಳಿದೆ. ಕೆಲಸ ಹುಡುಕಬೇಕಾಗಿತ್ತು, ಅದೂ ನಿಜವೇ.

ತಲೆನೋವಿಗೆ ಬರೀ ಕಾಫಿ ಕುಡಿದು ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು.

ನಿನ್ನ ಮೇಲೆ ಮುನಿಸಿಕೊಂಡಿರುವ, ನಿನ್ನವಳೇ ಆದ

ಸಹನ

ಮತ್ತೆ ಬರೆದದ್ದು: ಬರೆಯುವುದನ್ನು ಮರೆತಿದ್ದೆ ಎನ್ನೋಣವೆಂದರೆ, ಮರೆತಿರಲಿಲ್ಲ. ನಿನ್ನೆ ಮೇಘನ ಫೋನ್ ಮಾಡಿದ್ದಳು. ಉಳಿದ ಲೈನೂ ಈ ತಿಂಗಳ ಕೊನೆಗೆ ನಿಲ್ಲುತ್ತದಂತೆ. ಮ್ಯಾನೇಜರ್ ನಂದಕುಮಾರ್ ಸರ್ ನಿನಗೂ ‘ಬರಬೇಡಿ’ ಅಂದರಂತೆ. ಅದನ್ನು ನೀನು ಅವಳಿಗೆ ಹೇಳಿ, ಅವಳ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟೆಯಂತೆ. ಕೇಳಿದಾಗ ನನಗೆ ಮೊದಲು ಹೊಟ್ಟೆಕಿಚ್ಚೇ ಬಂತು. ಸಂಕಟ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ. ಮುಂದಿನ ಭಾನುವಾರ ಮನೆಗೆ ಬರುತ್ತೇನೆ. ಆವತ್ತು ನನ್ನ ಮುಂದೆಯೂ ಸ್ವಲ್ಪ ಅತ್ತುಬಿಡು, ಅಮ್ಮ.