ಕೆರೆದು ತೆಗೆದ ಬಾಲ

ಸಿಂಧನೂರು
12-2-1971

ಪ್ರೀತಿಯ ಖಾದರಬಾಷಾ ಮಾಮಾ ಅವರಿಗೆ ದುರುಗಪ್ಪನ ಸಲಾಮು.

ಮುಂಬಯಿ ಬಿಟ್ಟು ಬಂದು ತಿಂಗಳಾಯಿತು, ಈಗ ಬರೆಯುತ್ತಿದ್ದೇನೆ. ಬೈಯಬೇಡಿ. ಬಸ್ಸು ಲಿಂಗಸುಗೂರಿನಲ್ಲಿ ನಿಂತಾಗ ನಿಮ್ಮ ಸ್ಟುಡಿಯೋ ಬಾಗಿಲು ತೆರೆದಿತ್ತು. ಇಳಿಯಲಿಲ್ಲ. ಶಾಲೆ ಬಿಟ್ಟು ಅಲೆಯುತ್ತಿದ್ದವನಿಗೆ ಫೋಟೋ ಕೆಲಸ ಕಲಿಸಿದಿರಿ; ನಿಮ್ಮ ಮಾತಿನ ಮೇಲೇ ಮುಂಬಯಿಯ ಆ ಪ್ರಯೋಗಶಾಲೆಯ ಕತ್ತಲಕೋಣೆಯಲ್ಲಿ ನೌಕರಿ ಸಿಕ್ಕಿತ್ತು. ಅದನ್ನು ಕಳೆದುಕೊಂಡೆ. ಇಲ್ಲಿ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತೇನೆ. ಬರೆಯಲು ಕೂತರೆ ಬೆನ್ನು ಕೇಳುವುದಿಲ್ಲ.

ಅಲ್ಲಿಯ ಯಂತ್ರದಲ್ಲಿ ಎಲೆಕ್ಟ್ರಾನುಗಳು ಹಿಂಡು ಹಿಂಡಾಗಿ ಓಡುತ್ತವೆ. ಒಂದು ಹಿಂಡು ದಾಟುವ ಹೊತ್ತನ್ನು ಯಾವ ಗಡಿಯಾರವೂ ಅಳೆಯಲಾರದು. ಅದಕ್ಕೇ ಹಾದಿಯಲ್ಲಿ ಅದನ್ನು ಅಡ್ಡಕ್ಕೆ ತಳ್ಳುತ್ತಾರೆ. ಮುಂದಿನವು ಎಡಕ್ಕೆ, ಹಿಂದಿನವು ಬಲಕ್ಕೆ ಸರಿದು, ಪರದೆಯ ಮೇಲೆ ಹೊಳೆಯುವ ಗೀರಾಗಿ ಬೀಳುತ್ತವೆ. ಗುರುಗುಂಟಾದಲ್ಲಿ ನಮ್ಮವರು ಸಂದಿಯಿಂದ ನುಗ್ಗಿದ ಕುರಿಗಳನ್ನು ಬಯಲಲ್ಲಿ ಹರಡಿಸಿ ನೋಡುವ ಹಾಗೆ. ಆ ಗೀರಿನ ಫೋಟೋದಲ್ಲಿ ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ನೋಡಿ ಹಿಂಡಿನ ಆಕಾರ ತಿಳಿಯುತ್ತಾರೆ. ಆ ಫೋಟೋ ಮೂಡುವ ಗಾಜಿನ ಪ್ಲೇಟು ತೊಳೆಯುವುದು ನನ್ನ ಕೆಲಸ.

ಗೀರಿನ ಬಲತುದಿಯ ಆಚೆ ಒಂದು ಮಸುಕು ಕಲೆ ಬೀಳುತ್ತಿತ್ತು. ನಿಮ್ಮ ಸ್ಟುಡಿಯೋದಲ್ಲಿ ನೆಗೆಟಿವ್ ಮೇಲೆ ಮದುಮಗಳ ಮುಖ ನಯ ಮಾಡುತ್ತಿದ್ದಂತೆ, ಯಾರನ್ನೂ ಕೇಳದೆ ಪ್ರತಿ ಪ್ಲೇಟಿನಲ್ಲೂ ಬ್ಲೇಡಿನಿಂದ ಕೆರೆದು ತೆಗೆದೆ. ಪ್ಲೇಟು ಚೊಕ್ಕವಾಗಿದೆಯೆಂದು ಯಂತ್ರ ನಡೆಸುವ ಸಾಹೇಬರು ಹೊಗಳಿದರು. ಐದು ತಿಂಗಳ ಮೇಲೆ ನನಗೆ ಜ್ವರ ಬಂತು. ಬೇರೆಯವರು ತೊಳೆದ ಪ್ಲೇಟಿನಲ್ಲಿ ಕಲೆ ಹಾಗೇ ಉಳಿಯಿತು. ಅದು ಕೊಳೆಯಲ್ಲ, ಹಿಂದುಳಿದ ಎಲೆಕ್ಟ್ರಾನುಗಳು, ಹಿಂಡಿನ ಬಾಲ ಎಂದು ಸಾಹೇಬರ ಮಾತಿನಿಂದ ಆಗ ತಿಳಿಯಿತು. ಯಂತ್ರ ಈಗಷ್ಟೇ ಕೆಟ್ಟಿದೆಯೆಂದು ಭಾವಿಸಿ ಅವರು ಬಿಚ್ಚಿಸತೊಡಗಿದರು.

ಜೊತೆಗಾರ ಹುಸೇನ್‌ಸಾಬ್, ನಮ್ಮ ಮಸ್ಕಿಯವನು, ನಿಜ ಹೇಳಲು ಹೊರಟ ನನ್ನ ಕೈ ಹಿಡಿದೆಳೆದ. "ಸುಮ್ನಿರಲೇ ಹುಚ್ಚಪ್ಯಾಲಿ! ಹೊಟ್ಟಿ ತುಂಬಿದ್ದು ಜಾಸ್ತಿ ಆಗೇತೇನು ನಿನಗ?"

"ಅವ್ರು ಚಲೋ ಯಂತ್ರ ಬಿಚ್ಚಾಕತ್ಯಾರ ಬಿಡಲೇ," ಎಂದು ಹೋಗಿ ಹೇಳಿಬಿಟ್ಟೆ.

ಸಾಹೇಬರು ಬೈಯಲಿಲ್ಲ. ಯಾವ ಪ್ಲೇಟು, ಎಲ್ಲಿಂದ ಎಲ್ಲಿಯವರೆಗೆ ಕೆರೆದೆ ಎಂದಷ್ಟೇ ಕೇಳಿದರು. ನೆನಪಿಲ್ಲ ಎಂದೆ. ಐದು ತಿಂಗಳ ಪ್ಲೇಟುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿಸಿ, ಇವು ಇನ್ನು ಯಾವುದಕ್ಕೂ ಬಾರವು ಎಂದರು. ಮರುದಿನ ನಾನೇ ರಾಜೀನಾಮೆ ಕೊಟ್ಟೆ.

ನಿಮ್ಮ ಹೆಸರಿಗೆ ಮಸಿ ಹಚ್ಚಿದೆ ಮಾಮಾ. ಕಲಿಸಿದ್ದು ನಿಮ್ಮ ತಪ್ಪಲ್ಲ. ಅಲ್ಲಾ ನಿಮ್ಮನ್ನೂ ಮಾಮಿಯನ್ನೂ ತಣ್ಣಗಿಟ್ಟಿರಲಿ.

ನಿಮ್ಮ
ದುರುಗಪ್ಪ

ತಾ.ಕ.: ಅವ್ವ ಹೋಗಿ ನಾಲ್ಕು ವರ್ಷ. ಮನೆಯಲ್ಲಿರುವುದು ನೀವು ತೆಗೆದ ಒಂದೇ ಪಟ. ಅವಳ ಸಿಡುಬಿನ ಕಲೆಗಳನ್ನು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಚ್ಚಿದವನು ನಾನೇ. ನಿನ್ನೆ ತಂಗಿ ಯಮನಮ್ಮ, "ಅವ್ವನ ಕಲಿ ಯಾ ಗಲ್ಲದಾಗ ಹೆಚ್ಚಿದ್ವು ಅಣ್ಣಾ?" ಎಂದು ಕೇಳಿದಳು. ಪಟ ಇಳಿಸಿ ದೀಪದ ಹತ್ತಿರ ಹಿಡಿದು ನೋಡಿದೆ; ಎರಡೂ ಗಲ್ಲ ನುಣುಪು, ನನಗೂ ನೆನಪಿಲ್ಲ. ನೆಗೆಟಿವ್ ಇದ್ದರೆ ಪೆನ್ಸಿಲ್ ಒರೆಸಿ, ಅವಳು ಇದ್ದ ಹಾಗೆ ಒಂದು ಪಟ ಮಾಡಿಕೊಡಿ. ಬ್ಲೇಡಿನಿಂದ ಕೆರೆದೂ ಇದ್ದೆನೋ ಏನೋ, ಆಣೆ ಮಾಡಿ ಹೇಳಲಾರೆ.