ಚಕ್ಕೆ ಏಳುವ ಮಗ್ಗುಲು

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಚ್ಚಿಗೆ,

ಅಮ್ಮನ ಮುದ್ದು. ಫೋನಿದ್ದೂ ಇವಳೇಕೆ ಕಾಗದ ಬರೆದಳು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತೇಲಿಸಿಬಿಡುತ್ತೇನೆ. ಈ ಮಾತು ತೇಲಿಹೋಗಬಾರದು.

ಮೊದಲು ಸುದ್ದಿ ಹೇಳುತ್ತೇನೆ. ಇಪ್ಪತ್ನಾಲ್ಕು ವರ್ಷವಾದ ಮೇಲೆ ನಾನು ಮತ್ತೆ ಕಲ್ಲು ಹಿಡಿದಿದ್ದೇನೆ.

ಮ್ಯೂಸಿಯಮ್ಮಿನ ಮೇಷ್ಟ್ರು ನಿನಗೆ ನೆನಪಿರಬೇಕು. ಆದಿಮಾನವರ ಕಲ್ಲಿನ ಆಯುಧಗಳನ್ನು ಅವರ ರೀತಿಯಲ್ಲೇ ಮಾಡಿ ತೋರಿಸುತ್ತಿದ್ದರಲ್ಲ, ನನಗೂ ಆ ಕೆಲಸ ಕಲಿಸಿದರಲ್ಲ, ಅವರೇ. ಹೋದ ವರ್ಷ ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಯಿತು. ಈಗ ದೃಷ್ಟಿಯಿಲ್ಲದ ಮಕ್ಕಳು ಮುಟ್ಟಿ ತಿಳಿಯಲಿ ಅಂತ ಮ್ಯೂಸಿಯಮ್ಮಿನಲ್ಲಿ ಒಂದು ಕೋಣೆ ಮಾಡುತ್ತಿದ್ದಾರೆ. ಅದಕ್ಕೆ ಹನ್ನೆರಡು ಕೈಗೊಡಲಿ ಬೇಕಂತೆ, ಹಿಡಿಯಿಲ್ಲದ, ಅಂಗೈಯಲ್ಲೇ ಕೂರುವಂಥವು. ಕೇಳಲು ಮೇಷ್ಟ್ರೇ ಮನೆಗೆ ಬಂದರು. ನಾನು ಸುತರಾಂ ಆಗಲ್ಲ ಅಂದೆ. ಮಗಳು ಬೇಡವೆಂದರೂ ಹತ್ತಿರ ಬಂದು ಕಣ್ಣು ಕಳೆದುಕೊಂಡ ದಿನವೇ ಬಿಟ್ಟ ಕೆಲಸ, ನಿಮಗೆ ಗೊತ್ತಿಲ್ಲದ್ದೇ ಅಂದೆ.

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ತೊದಲುತ್ತಾ ಹೇಳಿದರು: "ಆವತ್ತು ನಾನು ಪಕ್ಕದ ಕೋಣೇಲೇ ಇದ್ದೆ ಕಣಮ್ಮ. ನೀನು ಕರೆದದ್ದು ನನಗೆ ಕೇಳಿಸಿತ್ತು."

ಮಾರನೇ ದಿನ ಕೆಲಸಕ್ಕೆ ಹೋದೆ.

ಕೈ ಮರೆತಿರಲಿಲ್ಲ, ಆದರೆ ಮುನಿಸಿಕೊಂಡಿತ್ತು. ತೊಡೆಯ ಮೇಲೆ ದಪ್ಪ ಚರ್ಮ ಹಾಸಿ, ಅದರ ಮೇಲೆ ಚಕಮಕಿ ಕಲ್ಲಿಟ್ಟು, ನದಿಯ ಗುಂಡುಕಲ್ಲಿನಿಂದ ಹೊಡೆದೆ. ಹೊಡೆಯುವ ಮುಂಚೆ ಅಂಚನ್ನು ಒರಟು ಕಲ್ಲಿನಿಂದ ಉಜ್ಜಬೇಕು, ಇಲ್ಲದಿದ್ದರೆ ಏಟು ತಾಳದೆ ಪುಡಿಯಾಗುತ್ತದೆ. ನೇರ ಹೊಡೆಯಬಾರದು, ಓರೆಯಾಗಿ ಜಾರಿಸಿ ಹೊಡೆಯಬೇಕು. ಏಟು ಬೀಳುವುದು ಮೇಲೆ, ಚಕ್ಕೆ ಏಳುವುದು ಕೆಳಗೆ, ನಮಗೆ ಕಾಣದ ಮಗ್ಗುಲಲ್ಲಿ. ಕಿವಿಯಿಂದಲೇ ತಿಳಿಯಬೇಕು. ಟಿಣ್ ಅಂದರೆ ಕಲ್ಲು ಗಟ್ಟಿ, ಡಬ್ ಅಂದರೆ ಒಳಗೆಲ್ಲೋ ಬಿರುಕು. ದಪ್ಪವೆಲ್ಲ ಹೋದ ಮೇಲೆ ಜಿಂಕೆ ಕೊಂಬಿನ ಸರದಿ. ಕೊಂಬು ಮೆತ್ತಗೆ, ಹಾಗಾಗಿ ಚಕ್ಕೆ ಅಗಲವಾಗಿ, ತೆಳ್ಳಗೆ ಏಳುತ್ತದೆ. ನನ್ನ ಮೊದಲ ಕೊಡಲಿ ನಟ್ಟನಡುವೆ ಎರಡು ಹೋಳಾಯಿತು. "ಒಂದು ಕೇಳಿದ್ರೆ ಎರಡು ಮಾಡಿದೀಯ, ಬಲೇ ಧಾರಾಳಿ" ಅಂತ ಮೇಷ್ಟ್ರು ನಕ್ಕರು. ಈಗ ಒಂಬತ್ತು ಮುಗಿದಿವೆ. ಮಕ್ಕಳ ಬೆರಳು ಕೊಯ್ಯದಂತೆ ಒಂದೊಂದರ ಅಂಚನ್ನೂ ಉಜ್ಜಿ ಮೊಂಡು ಮಾಡಿದ್ದೇನೆ.

ಇಷ್ಟಕ್ಕೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಹೋದ ಗುರುವಾರ ನೀನು ಫೋನಿನಲ್ಲಿದ್ದಾಗ ನಿನ್ನ ಮಗಳು, ನಮ್ಮ ಮರಿ, ಕುರ್ಚಿ ಹತ್ತಿತು. ನೀನು ಗದರಿದೆ: "ಅಜ್ಜಿ ಮಾತು ಕೇಳದೆ ನನ್ನ ಕಣ್ಣು ಹೋಯ್ತು, ಗೊತ್ತಲ್ಲ? ನೀನೂ ನನ್ನ ಥರಾನೇ!" ಮಗು ಒಮ್ಮೆಗೇ ಸುಮ್ಮನಾದದ್ದು ನನಗೆ ಕೇಳಿಸಿತು. ಹಾಲು ಉಕ್ಕುತ್ತಿದೆ ಅಂತ ಫೋನಿಟ್ಟೆ. ಹಾಲು ಫ್ರಿಜ್ಜಿನಲ್ಲಿತ್ತು.

ಗುಬ್ಬಚ್ಚಿ, ನೀನು ಮಾತು ಮೀರಿ ಬಂದವಳಲ್ಲ. ನಾನು ಕರೆದೆ.

ಅವತ್ತು ಮ್ಯೂಸಿಯಮ್ಮಿನ ಕೆಲಸದ ಕೋಣೆಯಲ್ಲಿ ನೀನು ಬಾಗಿಲ ಬಳಿಯ ಚಾಪೆಯ ಮೇಲೆ, ಕೂರಿಸಿದ ಜಾಗದಲ್ಲೇ, ಬಣ್ಣ ಬಳಿಯುತ್ತಾ ಕೂತಿದ್ದೆ. ಕೊಂಬಿನ ಏಟು ಅವತ್ತೇ ಮೊದಲ ಸಲ ನನಗೆ ಒಲಿದಿತ್ತು. ಬೆಳಕು ಹಾಯುವಂಥ ಚಕ್ಕೆಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಹಿಗ್ಗು ತಲೆಗೇರಿತ್ತು, ನೋಡಿ ಭೇಷ್ ಅನ್ನುವವರು ಬೇಕಾಗಿತ್ತು. ಬಾ ಪುಟ್ಟಿ, ಹತ್ತಿರ ಬಾ, ಅಮ್ಮನ ಕೈಚಳಕ ನೋಡು ಅಂದೆ. ನೀನು ಕುಂಚ ಹಿಡಿದುಕೊಂಡೇ ಓಡಿಬಂದು ನನ್ನ ಮೊಣಕಾಲಿಗೆ ಒರಗಿದೆ. ಮುಂದಿನ ಏಟಿಗೆ ಸಿಡಿದ ಚೂರು ನಿನ್ನ ಬಲಗಣ್ಣಿಗೆ ಹೋಯಿತು. ನಿನ್ನ ಕಣ್ಣಿಗೊಂದು ಕನ್ನಡಕ ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನದನ್ನು ಹಾಕಿಕೊಂಡಿದ್ದೆ. ಇಲ್ಲಿ ಪೆನ್ನು ನಿಂತಿತು. ಮತ್ತೆ ಬರೆಯುತ್ತೇನೆ: ನನ್ನದನ್ನು ಹಾಕಿಕೊಂಡಿದ್ದೆ.

ಅಂದಿನಿಂದ ನೀನು ನಿನ್ನನ್ನೇ ಹಟಮಾರಿ ಅಂದುಕೊಂಡು ಬೆಳೆದೆ. ಓದಿಗೆ, ಕೆಲಸಕ್ಕೆ, ಮದುವೆಗೆ, ಕೊನೆಗೆ ಪರದೆಯ ಬಣ್ಣಕ್ಕೂ ಅಮ್ಮನನ್ನು ಕೇಳಿದೆ. ಎಂಥ ಹೇಳಿದ ಹಾಗೆ ಕೇಳುವ ಮಗಳು ಅಂತ ನೆಂಟರು ಹೊಗಳಿದರು. ನಾನು ನಾಚಿಕೆಯಿಲ್ಲದೆ ಬೀಗಿದೆ.

ನಿನ್ನೆ ನಿಮ್ಮಪ್ಪನಿಗೆ ಹೇಳಿದೆ. ಅವರು ಎದ್ದು ಅಡುಗೆಮನೆಗೆ ಹೋಗಿ ಟೀ ಮಾಡಿ ತಂದರು. ಎರಡು ಲೋಟ ಇತ್ತು. ಅದನ್ನು ನೋಡಿ ಅತ್ತುಬಿಟ್ಟೆ.

ನಿನ್ನಿಂದ ಅಂಥ ಕ್ಷಮೆಯನ್ನು ಕೇಳುವುದಿಲ್ಲ. ಕೋಪ ಬಂದರೆ ಬರಲಿ, ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ. ಮರಿಗೆ ಮಾತ್ರ ಇವತ್ತೇ ಹೇಳು, ಅವಳಮ್ಮ ಮಾತು ಕೇಳುವ ಮಗುವೇ ಆಗಿದ್ದಳು, ತಪ್ಪು ಅಜ್ಜಿಯದು ಅಂತ. ಅವಳು ಕುರ್ಚಿ ಹತ್ತಲಿ. ನೀನು ಪಕ್ಕದಲ್ಲಿ ನಿಂತಿರು, ಅಷ್ಟು ಸಾಕು.

ಎಂದೆಂದಿಗೂ ನಿನ್ನವಳೇ ಆದ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಇಷ್ಟೆಲ್ಲ ಬರೆದೂ ಒಂದನ್ನು ಬಚ್ಚಿಟ್ಟಿದ್ದೆ. ಆ ಸುಳ್ಳನ್ನು ಮೊದಲು ಹೇಳಿದ್ದು ನಾನಲ್ಲ. ಆಸ್ಪತ್ರೆಗೆ ಓಡಿಬಂದ ನಿಮ್ಮಪ್ಪ, ಮಗುವನ್ನು ಹತ್ತಿರ ಹೇಗೆ ಬಿಟ್ಟೆ ಅಂತ ನನ್ನ ಮೇಲೆ ಕೂಗಾಡಿದರು. ನಾನು ಬಾಯಿ ತೆರೆಯುವ ಮೊದಲೇ, ಅರ್ಧ ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಆರು ವರ್ಷದ ನೀನು ಹೇಳಿದೆ: "ಅಮ್ಮಂಗೆ ಬೈಬೇಡಪ್ಪ. ಅಮ್ಮ ಬೇಡ ಅಂದ್ಲು, ನಾನೇ ಹೋದೆ." ಬರಬರುತ್ತಾ ಅದೇ ನಿಜವೆಂದು ನೀನು ನಂಬಿದೆ. ನಾನು ನಂಬಲು ಬಿಟ್ಟೆ. ಅದನ್ನು ಹೇಳುವಾಗ ನೀನು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಕಂದ.